ಸುಧಾರಾಣಿಗೆ ತುಂಬಿದ ಉಡಿ

ಬಾಡಿಗೆಗೆ ಕೋಣೆ ಇದೆ ಎಂದು ತಾಯಕ್ಕ ಯಾರಿಗೂ ಹೇಳಿರಲಿಲ್ಲ. ಹೇಳಿದವನು ಹಾಲಿನ ಹಂಪಯ್ಯ. ಓಣಿಯ ಯಾವ ಮನೆಗೆ ಎಷ್ಟು ಹಾಲು, ಯಾವ ಮನೆಯಲ್ಲಿ ಎಷ್ಟು ಜಾಗ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಹಾಗಾಗಿ ಆಷಾಢದ ಒಂದು ಮಧ್ಯಾಹ್ನ, ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ಕಾಲುವೆ ಪಕ್ಕದ ಆ ಓಣಿಯಲ್ಲಿ, ತಾಯಕ್ಕ ಒಲೆಯ ಮುಂದೆ ಕೂತು ಖಾನಾವಳಿಗೆ ಕೊಡುವ ರೊಟ್ಟಿ ಬಡಿಯುತ್ತಿದ್ದಾಗ ಬಾಗಿಲಿಗೆ ಒಬ್ಬ ಹುಡುಗಿ ಬಂದು ನಿಂತಳು. ಕೈಯಲ್ಲಿ ಹೊಸ ಪ್ಲಾಸ್ಟಿಕ್ ಬಕೆಟ್ಟು, ಅದರೊಳಗೆ ಚೊಂಬು, ಸೋಪಿನ ಡಬ್ಬಿ, ಮಡಚಿದ ಚಾದರ, ಬೆನ್ನಿಗೊಂದು ಬ್ಯಾಗು.

ಕೋಣೆ ಕೇಳುವ ಮೊದಲೇ ಬಕೆಟ್ಟು ಕೊಂಡು ಬಂದವಳನ್ನು ತಾಯಕ್ಕ ಅದುವರೆಗೆ ಕಂಡಿರಲಿಲ್ಲ. ಸಿಕ್ಕೇ ಸಿಗುತ್ತದೆ ಅಂತ ತಂದೆಯೇನವ್ವ ಎಂದು ಕೇಳಿದಳು.

"ಇಲ್ರಿ. ಬಕೀಟು ನೋಡಿ ಯಾರಿಗಾರ ಕರುಣಿ ಬರ್ತೈತೇನೋ ಅಂತ ತಂದೆ," ಎಂದಳು ಹುಡುಗಿ. "ನನ್ನ ಹೆಸರು ಸುಧಾರಾಣಿ. ಊರು ಗಾದಿಗನೂರು. ನಾವು ಬೌದ್ಧರು. ಅದಕ್ಕಿಂತ ಮುಂಚೆ ಯಾರಿದ್ರಿ ಅಂತ ಈ ಓಣ್ಯಾಗ ಎಲ್ಲಾರೂ ಕೇಳಿ, ತಿಳಕೊಂಡು, ಕೋಣಿ ಇಲ್ಲ ಅಂದು ಕಳಿಸ್ಯಾರ. ನೀವೂ ಈಗ್ಲೆ ಕೇಳಿಬಿಡ್ರಿ, ಬಿಸಲಾಗ ನಿಂತೀನಿ."

ತಾಯಕ್ಕ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರಿದಳು, ಹೊರಳಿಸಿದಳು, ಉಬ್ಬಿ ಇಳಿಯುವವರೆಗೆ ಕಾದಳು. ಅವಳಿಗೆ ಯಾವುದರಲ್ಲೂ ಅವಸರವಿಲ್ಲ. ಅವಳು ಬಡಿದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದರೆ ಅಂಚೆಲ್ಲ ಒಂದೇ ಗೆರೆಗೆ ಬರುತ್ತಿದ್ದವು. ಗಂಡ ಹಮಾಲಿ ಮಾಡುತ್ತಿದ್ದ ಮಾರ್ಕೆಟ್ಟಿನಲ್ಲೇ ಕುಸಿದು ತೀರಿಕೊಂಡ ಮೇಲೆ ಆ ರೊಟ್ಟಿಗಳೇ ಅವಳನ್ನು ಇಷ್ಟು ವರ್ಷ ನಡೆಸಿದ್ದವು. ಅಕ್ಷರ ಬಸ್ಸಿನ ಬೋರ್ಡು ಓದುವಷ್ಟು ಬರುತ್ತಿತ್ತು, ಅದೂ ಬಸ್ಸು ನಿಂತಿದ್ದರೆ.

"ತಲಿ ಮ್ಯಾಲೆ ಎಷ್ಟು ನೀರು ಹಾಕ್ಕೋತಿ?" ಎಂದು ಕೇಳಿದಳು. ನಲ್ಲಿ ಬರುವುದು ಎರಡು ದಿನಕ್ಕೊಮ್ಮೆ. ಅವಳಿಗೆ ತಿಳಿಯಬೇಕಾಗಿದ್ದದ್ದು ಅಷ್ಟೇ. ಹುಡುಗಿ ತಂದ ಬಕೆಟ್ಟನ್ನೇ ಎತ್ತಿ ತೋರಿಸಿದಳು. ಕೋಣೆ ಗಟ್ಟಿಯಾಯಿತು.

ಕೆಲಸ ಏನು ಎಂಬ ಮಾತು ಸಂಜೆ ಬಂತು. ಒಂದು ಸಂಸ್ಥೆಯವರು ಹೊಸಪೇಟೆ, ಕಮಲಾಪುರ, ಕಂಪ್ಲಿ, ಸಂಡೂರಿನ ಹೈಸ್ಕೂಲುಗಳಿಗೆ ಮಕ್ಕಳ ಮನಸ್ಸಿನ ಕಷ್ಟ ಕೇಳುವವರನ್ನು ಕಳಿಸುತ್ತಿದ್ದರು. ಸುಧಾರಾಣಿ ಬಳ್ಳಾರಿಯಲ್ಲಿ ಅದಕ್ಕೇ ಸಂಬಂಧಪಟ್ಟ ಓದು ಮುಗಿಸಿ, ಇನ್ನು ಒಂದು ವರ್ಷ ಕೆಲಸ ಮಾಡುತ್ತ ಕಲಿಯಲು ಬಂದವಳು. ಅವಳಿಗೆ ಸಿಕ್ಕದ್ದು ಕಮಲಾಪುರದ ಒಂದು ಶಾಲೆ. ವರ್ಷದ ಕೊನೆಗೆ ಮೇಲಿನವರು ಒಪ್ಪಿ ಸಹಿ ಹಾಕಿದರೆ ಅವಳು ಪೂರಾ ಕೌನ್ಸೆಲರ್.

ತಾಯಕ್ಕ ಇದನ್ನೆಲ್ಲ ಕೇಳಿ, ಬರೇ ಕೇಳುವುದಕ್ಕೆ ಡಿಗ್ರಿ ಯಾಕೆ, ನಮ್ಮ ಓಣಿಯ ಹೊಳೆಮ್ಮ ಪುಕ್ಕಟೆ ಕೇಳುತ್ತಾಳಲ್ಲ ಎಂದಳು.

"ಹೊಳೆಮ್ಮ ಕೇಳಿದ್ದನ್ನ ಸಂಜೀಕ ಓಣಿಗೆಲ್ಲ ಹಂಚ್ತಾಳಲ್ರೀ ಅಮ್ಮ. ನಾವು ಹಂಚಂಗಿಲ್ಲ. ಅದಕ್ಕ ಡಿಗ್ರಿ."

ಆ ದಿನದಿಂದ ತಾಯಕ್ಕ ಅವಳನ್ನು ಸುಧಾ ಎಂದಳು, ಅವಳು ತಾಯಕ್ಕನನ್ನು ಅಮ್ಮ ಎಂದಳು.

ಮೊದಮೊದಲು ಗುರುವಾರ ಬಂತೆಂದರೆ ಸುಧಾ ಬೆಳಿಗ್ಗೆಯಿಂದಲೇ ಬೇರೆಯವಳೇ ಆಗಿರುತ್ತಿದ್ದಳು. ಕಲಿಯುವ ಹುಡುಗಿಯರನ್ನು ನೋಡಿಕೊಳ್ಳಲು ಸಂಸ್ಥೆಯಲ್ಲಿ ಅನುಸೂಯಾ ಎಂಬ ಮೇಡಂ ಇದ್ದರು. ಗುರುವಾರ ಅವರು ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಬಾಗಿಲು ಹಾಕಿ, ಫೋನು ಮುಚ್ಚಿಟ್ಟು, ಆ ವಾರ ನಡೆದದ್ದನ್ನು ಕೇಳುತ್ತಿದ್ದರು. ಒಮ್ಮೆ ಆಫೀಸಿನಲ್ಲಿ ಸುಣ್ಣಬಣ್ಣ ನಡೆದಿತ್ತೆಂದು ಅನುಸೂಯಾ ತಾಯಕ್ಕನ ಮನೆಗೇ ಬಂದರು. ಮುಂದಿನ ಕೋಣೆಯಲ್ಲಿ ಇಬ್ಬರೂ ಕೂತರು. ತಾಯಕ್ಕ ಚಹಾ ಒಯ್ದಾಗ ಮಾತು ನಿಂತಿತ್ತು. ಸುಧಾ ಕಣ್ಣೊರೆಸಿಕೊಳ್ಳುತ್ತಿದ್ದಳು, ಆ ಮೇಡಂ ಸಮಾಧಾನವನ್ನೂ ಹೇಳದೆ, ಗಡಿಯಾರವನ್ನೂ ನೋಡದೆ ಸುಮ್ಮನೆ ಕೂತಿದ್ದರು. ಹೀಗೂ ಒಂದು ಕೆಲಸವಿದೆ ಎಂದು ತಾಯಕ್ಕನಿಗೆ ಆಗಲೇ ಕಂಡದ್ದು.

ಗುರುವಾರದ ಈ ಕೂಟದ ಬಗ್ಗೆ ಸುಧಾ ಮೊದಲೇ ಹೇಳಿದ್ದಳು: ಮೇಡಂ ಮಗುವಿನ ಬಗ್ಗೆ ಕೇಳುವುದು ಆಮೇಲೆ. ಮೊದಲು, ಆ ಮಗು ಮಾತಾಡುವಾಗ ನಿನಗೆ ಏನಾಯಿತು ಎಂದು ಕೇಳುತ್ತಾರೆ. ಸಿಟ್ಟು ಬಂತಾ, ನಿದ್ದೆ ಬಂತಾ, ನಿನ್ನ ಮನೆಯವರು ಯಾರಾದರೂ ನೆನಪಾದರಾ. ಮತ್ತೆ ಒಂದು ಕಟ್ಟಳೆ ಇಟ್ಟಿದ್ದಾರೆ. ಮಗುವಿನ ಮನೆಗೆ ಹೋಗಬೇಕಾಗಿ ಬಂದು, ಅಲ್ಲಿ ಒಂದು ಲೋಟ ನೀರು ಕುಡಿದರೂ ಆ ವಾರ ತಮಗೆ ಹೇಳಬೇಕು. ಕುಡಿಯಬಾರದು ಎಂದಲ್ಲ. ನಮ್ಮ ಕಡೆ ಮಂದಿ ಬರಿಗೈಲಿ ಕಳಿಸುವುದಿಲ್ಲ, ಬೇಡವೆಂದರೆ ಅವಮಾನ ಅಂದುಕೊಳ್ಳುತ್ತಾರೆ. ಅದಕ್ಕೇ ಕುಡಿ, ಆದರೆ ನನಗೆ ಹೇಳು. ಕುಡಿದ ಮೇಲೆ ನೀನು ಯಾರ ಕಡೆ ವಾಲಿದಿ ಅಂತ ಇಬ್ಬರೂ ಕೂತು ನೋಡೋಣ ಎನ್ನುತ್ತಾರೆ.

ಅವತ್ತು ಅನುಸೂಯಾ ಹೊರಡುವಾಗ ತಾಯಕ್ಕ ತಮಾಷೆಗೆ, ನಮ್ಮನೆ ಚಹಾ ಕುಡಿದಿರಲ್ಲ, ಅದನ್ನು ನೀವು ಯಾರಿಗೆ ಹೇಳುತ್ತೀರಿ ಎಂದು ಕೇಳಿದ್ದಳು.

"ನನಗೂ ಮೇಲೊಬ್ರು ಅದಾರ್ರಿ," ಎಂದು ಅನುಸೂಯಾ ನಕ್ಕಿದ್ದರು. "ಅವರಿಗೆ ಹೇಳ್ತೀನಿ. ಸಕ್ರಿ ಜಾಸ್ತಿ ಆಗಿತ್ತು ಅಂತಾನೂ ಹೇಳ್ತೀನಿ."

ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಸಂಸ್ಥೆ ಬೇರೆ ಜಿಲ್ಲೆಗಳಲ್ಲೂ ಕೆಲಸ ಹಿಡಿಯಿತು. ಆ ಎಲ್ಲ ಕಡೆಯ ಹುಡುಗ ಹುಡುಗಿಯರನ್ನು ಫೋನಿನಲ್ಲೇ ನೋಡಿಕೊಳ್ಳಿ ಎಂದು ಅನುಸೂಯಾಗೆ ಹೇಳಿದರಂತೆ. ಅಷ್ಟು ಮಂದಿಯನ್ನು ಹಾಗೆ ನೋಡಿಕೊಳ್ಳಲು ಬರುವುದಿಲ್ಲ, ನೋಡಿಕೊಂಡೆ ಎಂದು ಸಹಿ ಹಾಕಲಿಕ್ಕೂ ಬರುವುದಿಲ್ಲ ಎಂದು ಅವರು ಕೆಲಸ ಬಿಟ್ಟರು. ಅವರ ಜಾಗಕ್ಕೆ ವಿಜಯಕುಮಾರ್ ಎಂಬುವರು ಬಂದರು.

ವಿಜಯಕುಮಾರ್ ಕೆಟ್ಟ ಮನುಷ್ಯ ಎಂದು ಸುಧಾ ಎಂದೂ ಅನ್ನಲಿಲ್ಲ. ಚೆಂದ ಮಾತಾಡುತ್ತಿದ್ದರು, ಎಲ್ಲರ ಹುಟ್ಟಿದ ದಿನ ನೆನಪಿಟ್ಟು ಹರಸುತ್ತಿದ್ದರು. ಬಂದ ವಾರವೇ ಎಲ್ಲರನ್ನೂ ಸೇರಿಸಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದರು. ಈ ತಿಂಗಳು ಎಷ್ಟು ಮಕ್ಕಳು, ಎಷ್ಟು ಭೇಟಿ, ಎಷ್ಟು ಫೋಟೊ ಎಲ್ಲ ಅಲ್ಲಿಗೇ ಹಾಕಬೇಕು. ಗುರುವಾರದ ಕೂಟವೂ ಫೋನಿಗೇ ಬಂತು. ಹುಡುಗಿಯರು ಒಬ್ಬೊಬ್ಬರಾಗಿ ಲೆಕ್ಕ ಒಪ್ಪಿಸುವುದು, ಅವರು "ಗುಡ್, ನೆಕ್ಸ್ಟ್" ಎನ್ನುವುದು. ಎಷ್ಟೋ ಸಲ ಅವರು ಕಾರಿನಲ್ಲಿರುತ್ತಿದ್ದರು; ಹಾರ್ನಿನ ಸಪ್ಪಳ ಗೋಡೆಯಾಚೆ ರೊಟ್ಟಿ ಬಡಿಯುವ ತಾಯಕ್ಕನಿಗೂ ಕೇಳುತ್ತಿತ್ತು.

ಇದೇ ಹೊತ್ತಿಗೆ ಶಾಲೆಯಲ್ಲಿ ಶಾಂಭವಿ ಎಂಬ ಹುಡುಗಿ ಸುಧಾಳ ಹತ್ತಿರ ಬರತೊಡಗಿದಳು. ಒಂಬತ್ತನೇ ಇಯತ್ತೆ. ತಂದೆ ಶಂಭುಲಿಂಗ ಕಮಲಾಪುರದಲ್ಲಿ ಬಾಳೆತೋಟ, ಬಾಳೆಕಾಯಿ ಮಂಡಿ ಎರಡೂ ಇಟ್ಟವರು. ಊರಿಗೆ ಬೇಕಾದ ಹಳೆಯ ಮನೆತನ. ಹಿಂದಿನ ವರ್ಷ ಆ ಹುಡುಗಿಯ ಅಕ್ಕ ತೀರಿಕೊಂಡಿದ್ದಳು. ಹೊಟ್ಟೆನೋವು ಎಂದು ಮನೆಯವರು ಹೇಳಿದ್ದರು. ಅಂದಿನಿಂದ ಶಾಂಭವಿ ಕ್ಲಾಸಿನಲ್ಲಿ ಬಾಯಿ ಬಿಡುತ್ತಿರಲಿಲ್ಲ. ಸುಧಾ ಒತ್ತಾಯಿಸಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದಳು, ಹುಣಸೆಬೀಜ ಕೊಟ್ಟಳು. ಇಬ್ಬರೂ ಆಡಿದರು. ಆ ಹುಣಸೆಬೀಜಗಳನ್ನು ಒಂದು ಮಗ್ಗುಲು ಬೆಳ್ಳಗಾಗುವಂತೆ ಕಲ್ಲಿಗೆ ಉಜ್ಜಿ ಕೊಟ್ಟವಳು ತಾಯಕ್ಕ. ಹುಡುಗಿ ಗೆಲ್ಲತೊಡಗಿದಳು. ಗೆದ್ದಾಗ ಒಮ್ಮೆ, "ಅಕ್ಕಾ, ನಿಮ್ಮ ಕಾಯಿ ಹೊಡದೆ," ಎಂದಳಂತೆ. ಅಕ್ಕ ಹೋದ ಮೇಲೆ ಆ ಶಾಲೆಯಲ್ಲಿ ಅವಳು ಆಡಿದ ಮೊದಲ ಮಾತು ಅದು ಎಂದು ಸುಧಾ ಮನೆಗೆ ಬಂದು ತಾಯಕ್ಕನಿಗೆ ಹೇಳಿ, ಅದಕ್ಕಿಂತ ಹೆಚ್ಚು ಹೇಳಬಾರದೆಂದು ನೆನಪಾಗಿ ಬಾಯಿ ಮುಚ್ಚಿಕೊಂಡಳು.

ಶಾಂಭವಿಯ ತಾಯಿ ಸುವರ್ಣಮ್ಮ ಶಾಲೆಗೆ ಬಂದು ಸುಧಾಳನ್ನು ಕಂಡರು. ಮಗಳು ಮನೆಯಲ್ಲಿ ಎರಡು ತುತ್ತು ಹೆಚ್ಚು ಉಣ್ಣುತ್ತಿದ್ದಾಳೆ, ನೀವು ಮನೆಗೆ ಬರಲೇಬೇಕು ಎಂದರು. ಶ್ರಾವಣದ ಕಡೇ ಶುಕ್ರವಾರ ಸುಧಾ ಹೋದಳು. ಸಂಜೆ ತಿರುಗಿ ಬಂದಾಗ ಅವಳ ಚೂಡಿದಾರದ ವೇಲು ಮುಂದಕ್ಕೆ ಗಂಟುಹಾಕಿ ಜೋತುಬಿದ್ದಿತ್ತು. ಮುಖ ಮಾತ್ರ ಹಬ್ಬದ ಮನೆಯಂತಿತ್ತು.

"ಅಮ್ಮಾ, ನನಗ ಉಡಿ ತುಂಬಿದ್ರು."

ತಾಯಕ್ಕ ಕೈ ತೊಳೆದು ಬಂದು ಗಂಟು ಬಿಚ್ಚಿದಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣದ ಕೊಂಬು, ಬೆಲ್ಲದ ಉಂಡೆ, ಎಲೆ ಅಡಿಕೆ, ಮೇಲೆ ಒಂದು ಖಣ. ಖಣ ಅಗ್ಗದ್ದಲ್ಲ, ಹಸಿರು ನೆಲ, ಕೆಂಪು ಅಂಚು, ಗುಳೇದಗುಡ್ಡದ್ದು. ಮಡಿಕೆಯ ಗೆರೆ ಗಟ್ಟಿಯಾಗಿ ಕೂತಿತ್ತು. ಅಂಗಡಿಯಿಂದ ನಿನ್ನೆ ತಂದ ಖಣಕ್ಕೆ ಹಾಗೆ ಮಡಿಕೆ ಬೀಳುವುದಿಲ್ಲ ಎಂದು ತಾಯಕ್ಕನಿಗೆ ಅನ್ನಿಸಿತು.

ಸುಧಾ ಹೇಳುತ್ತ ಹೋದಳು. ಸುವರ್ಣಮ್ಮ ಮೊದಲು ಯಾವ ಊರು, ಯಾರ ಪೈಕಿ ಎಂದು ಕೇಳಿದರು. ಇವಳು ಮುಚ್ಚುಮರೆ ಇಲ್ಲದೆ ಹೇಳಿದಳು. ಹೊರಡು ಎಂದಾರೆಂದು ಇವಳು ಚಪ್ಪಲಿ ಹುಡುಕತೊಡಗಿದಳು. ಅಷ್ಟರಲ್ಲಿ ಆಕೆ ಒಳಗೆ ಹೋಗಿ ಟ್ರಂಕು ತೆಗೆದ ಸದ್ದಾಯಿತು. ಮೊರ ಹಿಡಿದುಕೊಂಡು ಬಂದು, ಮಣೆ ಹಾಕಿ ಕೂರಿಸಿ, ಕುಂಕುಮವಿಟ್ಟು ತುಂಬಿದರು. ಈ ಖಣ ದೊಡ್ಡ ಮಗಳಿಗೆಂದು ಕೊಂಡದ್ದು, ಹೊಲಿಸುವ ಮೊದಲೇ ಹೋದಳು, ಅವಳ ಜಾಗಕ್ಕೆ ನೀನು ಬಂದೆ ಎಂದು ಅತ್ತರು. ಶಾಂಭವಿ ಅಡುಗೆಮನೆಯ ಬಾಗಿಲು ಹಿಡಿದು ನಿಂತು ನೋಡುತ್ತಿದ್ದಳು.

ಸುಧಾಳ ಮನೆಯಲ್ಲಿ ಇದೆಲ್ಲ ಬಿಟ್ಟು ಬಹಳ ಕಾಲವಾಗಿತ್ತು. ಗಣಿ ಲಾರಿಗಳಿಗೆ ತಾಡಪಾಲು ಕಟ್ಟುತ್ತಿದ್ದ ಅವಳಪ್ಪ ಪಂಪೇಶ್ ಬುದ್ಧನ ಫೋಟೊ ಇಟ್ಟ ದಿನವೇ ಉಡಿ, ಬಾಗಿನ, ಹರಕೆ ಎಲ್ಲ ನಿಲ್ಲಿಸಿದ್ದ. ಅಲ್ಲದೆ ಅಂಥ ಮನೆಯವರು ಇವರಿಗೆ ಉಡಿ ತುಂಬುವುದಿರಲಿ, ಅವಳ ಅಜ್ಜಿಗೆ ಆ ಥರದ ಅಂಗಳದಲ್ಲಿ ನೀರನ್ನೂ ಎತ್ತರದಿಂದ ಹೊಯ್ದಿದ್ದರು. ಅಜ್ಜಿಯ ಬೊಗಸೆಗೆ ಬಿದ್ದ ಆ ನೀರಿನ ಕಥೆ ಕೇಳುತ್ತ ಬೆಳೆದವಳು ಸುಧಾ. ಈಗ ಒಳಮನೆಯ ಮಣೆ, ಮಡಿಲ ತುಂಬ ಅಕ್ಕಿ. ಅವಳು ಹೇಗೆ ಬೇಡವೆಂದಾಳು? ತಾಯಕ್ಕನಿಗೂ ಬೇಡವೆನ್ನಬೇಕಿತ್ತು ಎಂದು ತೋಚಲಿಲ್ಲ. ಗಂಡ ಸತ್ತ ಮೇಲೆ ಯಾರೂ ಅವಳಿಗೆ ಉಡಿ ತುಂಬಿರಲಿಲ್ಲ, ತುಂಬುವ ಮನೆಗಳಲ್ಲಿ ಅವಳು ಎದುರಿಗೂ ನಿಲ್ಲುತ್ತಿರಲಿಲ್ಲ. ಉಡಿಯ ಅಕ್ಕಿ ಹೊರಗೆ ಹೋಗಬಾರದು, ಇವತ್ತೇ ಮಾಡೋಣ ಎಂದು ಅದರಲ್ಲೇ ಬೆಲ್ಲದ ಪಾಯಸ ಮಾಡಿದಳು. ಇಬ್ಬರೂ ತಳ ಬಳಿದು ಉಂಡರು.

ಉಣ್ಣುವಾಗ ಸುಧಾ, ಅನುಸೂಯಾ ಮೇಡಂ ಇದ್ದಿದ್ದರೆ ಈ ವಾರ ಇದನ್ನೇ ಹಿಡಿದು ಕೂರುತ್ತಿದ್ದರು ಎಂದಳು. ಫೋನು ಮಾಡು ಎಂದಳು ತಾಯಕ್ಕ. ಈಗ ಅವರು ನಮ್ಮವರಲ್ಲವಲ್ಲ, ಮಗುವಿನ ವಿಷಯ ಅವರಿಗೆ ಹೇಳಬಾರದು ಎಂದು ಸುಧಾ ಅಂದಳು. ಕಟ್ಟಳೆ ಹಾಗಿತ್ತು. ಅವಳು ಕಟ್ಟಳೆ ಮುರಿಯುವವಳಲ್ಲ. ಉಡಿಯ ಫೋಟೊ ತೆಗೆದು ಗುಂಪಿಗೆ ಹಾಕಿದಳು. ಹೇಳಬೇಕಾದವರಿಗೆ ಹೇಳಿದಂತಾಯಿತು ಎಂಬುದು ಅವಳ ಲೆಕ್ಕ. ವಿಜಯಕುಮಾರ್ ಮೇಲಕ್ಕೆತ್ತಿದ ಹೆಬ್ಬೆರಳನ್ನು ಕಳಿಸಿದರು. ಅದರ ಕೆಳಗೆ, ಕುಟುಂಬದ ವಿಶ್ವಾಸ ಗಳಿಸುವುದು ಹೇಗೆ ಎಂದು ಎಲ್ಲರೂ ಸುಧಾರಾಣಿಯನ್ನು ನೋಡಿ ಕಲಿಯಿರಿ ಎಂದು ಬರೆದರು. ಸುಧಾ ಅದನ್ನು ತಾಯಕ್ಕನಿಗೆ ಓದಿ ಹೇಳಿದಳು. ತಾಯಕ್ಕ ಆ ಹೆಬ್ಬೆರಳನ್ನು ಬಗ್ಗಿ ನೋಡಿ, ಸಹಿ ಬರದವರು ಒತ್ತುವ ಹೆಬ್ಬೆಟ್ಟು ಇದಕ್ಕಿಂತ ಚೆಂದ ಇರುತ್ತದೆ ಎಂದು ನಕ್ಕಳು.

ದಸರಾ ರಜೆ ಕಳೆದು ಶಾಲೆ ತೆರೆದ ಮೇಲೆ ಒಂದು ದಿನ ಸುಧಾ ಬಸ್ಸಿಳಿದು ಬಂದವಳು ಊಟ ಬೇಡವೆಂದಳು. ಏನಾಯಿತು ಎಂದರೆ, ಹೇಳುವಂತಿಲ್ಲ ಎಂದಳು. ಕೋಣೆಯಲ್ಲಿ ಆಚೆಯಿಂದೀಚೆ ನಡೆದಾಡಿದಳು. ಶಾಂಭವಿ ಅವತ್ತು ಏನು ಹೇಳಿದ್ದಳು ಎಂಬುದು ತಾಯಕ್ಕನಿಗೆ ಗೊತ್ತಾದದ್ದು ಎಲ್ಲ ಮುಗಿದು, ಊರ ಬಾಯಿಗೆ ಬಿದ್ದ ಮೇಲೆ. ಅಕ್ಕನಿಗೆ ಬಂದದ್ದು ಹೊಟ್ಟೆನೋವಲ್ಲ. ತನ್ನ ಜೀವ ತಾನೇ ತೆಗೆದುಕೊಂಡಿದ್ದಳು. ಹಿಂದಿನ ದಿನ ತೋಟದ ಪಂಪಿನ ಮನೆಯಲ್ಲಿ ಅಳುತ್ತ ಕೂತಿದ್ದ ಅಕ್ಕನನ್ನು ಶಾಂಭವಿ ನೋಡಿದ್ದಳು. ಅವ್ವನಿಗೆ ಹೇಳಬೇಡ ಎಂದು ಅಕ್ಕ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಳು. ಹುಡುಗಿ ಆಣೆ ಉಳಿಸಿಕೊಂಡಳು, ಅಕ್ಕ ಉಳಿಯಲಿಲ್ಲ. ನನ್ನಿಂದಲೇ ಸತ್ತಳು, ನನಗೂ ಅವಳ ಹತ್ತಿರ ಹೋಗಬೇಕೆನಿಸುತ್ತದೆ ಎಂದು ಶಾಂಭವಿ ಹೇಳಿದ್ದಳು. ಅಕ್ಕನ ಖಣ ನಿಮ್ಮ ಮಡಿಲಲ್ಲಿ ಕಂಡ ದಿನದಿಂದ ನಿಮಗೆ ಹೇಳಬೇಕೆಂದಿದ್ದೆ ಎಂದೂ ಹೇಳಿದ್ದಳು.

ಇಂಥ ಮಾತನ್ನು ಬಚ್ಚಿಡುವಂತಿಲ್ಲ, ಜೀವದ ಪ್ರಶ್ನೆ ಬಂದರೆ ದೊಡ್ಡವರಿಗೆ ಹೇಳಲೇಬೇಕು ಎಂದು ಸುಧಾ ಓದಿದ್ದಳು. ಆದರೆ ಯಾರಿಗೆ ಮೊದಲು, ಹೇಗೆ, ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡೋ ಬಿಟ್ಟೋ, ಆ ರಾತ್ರಿ ಹುಡುಗಿಯನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನೆಲ್ಲ ಕೇಳಲು ಮೇಲೊಬ್ಬರು ಬೇಕಿತ್ತು. ನಿನಗೆ ಮೊದಲು ತಿಳಿಸದೆ ಯಾರಿಗೂ ಹೇಳುವುದಿಲ್ಲ ಎಂದು ಅವಳು ಹುಡುಗಿಗೆ ಮಾತು ಕೊಟ್ಟಿದ್ದಳು. ವಿಜಯಕುಮಾರ್‌ಗೆ ಫೋನು ಮಾಡಿದಳು. ಅವರು ಸಂಡೂರಿನಲ್ಲಿ ಯಾವುದೋ ಉದ್ಘಾಟನೆಯಲ್ಲಿದ್ದರು. ಮೈಕಿನ ಗದ್ದಲದ ನಡುವೆ, ಬರೆದು ಗುಂಪಿಗೆ ಹಾಕು ನೋಡುತ್ತೇನೆ ಎಂದರು. ಎಲ್ಲರೂ ನೋಡುವ ಕಡೆ ಹಾಕುವಂಥದ್ದಲ್ಲ ಸರ್ ಎಂದಳು. ಹಾಗಾದರೆ ಗುರುವಾರ ಎಂದರು. ಗುರುವಾರ ಅವಳ ಸರದಿ ಬರುವಷ್ಟರಲ್ಲಿ ಅವರ ಫೋನಿನ ಸಿಗ್ನಲ್ ಹೋಯಿತು. ಅವಳು ಮತ್ತೆ ಮಾಡಿದಳು, ಅವರು ಎತ್ತಲಿಲ್ಲ. ಮರುದಿನ ಎತ್ತಿದರು.

ಆ ಮಾತು ಅಂಗಳದಲ್ಲಿ ನಡೆಯಿತು. ತಾಯಕ್ಕ ಹಿಟ್ಟು ಸಾಣಿಸುತ್ತಿದ್ದಳು. ಸುಧಾ ಒಂದೇ ಉಸುರಿಗೆ ಅರ್ಧ ಹೇಳಿದ್ದಳೋ ಇಲ್ಲವೋ, ಆ ಕಡೆಯಿಂದ ಬಂದ ಉತ್ತರ ತಾಯಕ್ಕನಿಗೂ ಕೇಳಿಸಿತು. "ನೋಡ್ರಿ ಸುಧಾರಾಣಿ, ಆ ತಾಯಿ ಜೊತಿ ನಿಮ್ದು ಛಲೋ ಐತಲ್ಲ? ಹ್ಯಾಂಡಲ್ ಮಾಡ್ರಿ. ಎಲ್ಲಾದಕ್ಕೂ ನನ್ನ ಕೇಳಿದ್ರ ಕಲಿಯೋದು ಯಾವಾಗ?"

ಅಷ್ಟೇ.

ದೀಪಾವಳಿ ಅಮಾವಾಸ್ಯೆಗೆ ಸುವರ್ಣಮ್ಮ ಹೋಳಿಗೆ ಊಟಕ್ಕೆ ಕರೆದರು. ಮನೆ ಮಗಳು ಹಬ್ಬಕ್ಕೆ ಬರದಿದ್ದರೆ ಹೇಗೆ ಎಂದರು. ಶಾಂಭವಿ ಅಪ್ಪನ ಜೊತೆ ತೋಟದ ಪೂಜೆಗೆ ಹೋಗಿದ್ದಳು. ಊಟವಾದ ಮೇಲೆ ಸುವರ್ಣಮ್ಮ ಎದುರಿಗೆ ಕೂತು, ರಜೆ ಮುಗಿದಾಗಿನಿಂದ ಹುಡುಗಿ ಮತ್ತೆ ಉಣ್ಣುತ್ತಿಲ್ಲ, ನಿನ್ನ ಹತ್ತಿರ ಏನೋ ಹೇಳಿದ್ದಾಳೆ, ಏನದು ಎಂದು ಕೇಳಿದರು. ಸುಧಾ, ಶಾಂಭವಿಯನ್ನೂ ಕೂರಿಸಿಕೊಂಡು ಮಾತಾಡೋಣ ಎಂದಳು. ಆಕೆ ಕೇಳಲಿಲ್ಲ. ಸೆರಗು ಒಡ್ಡಿದರು.

"ಒಬ್ಬಾಕಿನ್ನ ಮಣ್ಣಿಗೆ ಕೊಟ್ಟು ಕುಂತೀನಿ. ಇನ್ನೊಬ್ಬಾಕೀದಾರ ಹೇಳು. ಹೊರಗಿನಾಕಿ ಆಗಿ ಬ್ಯಾಡ, ನಾ ಉಡಿ ತುಂಬೀನಿ, ಈ ಮನಿ ಮಗಳಾಗಿ ಹೇಳು."

ಎದುರಿಗೆ ಒಡ್ಡಿದ ಸೆರಗು, ತನ್ನ ಮಡಿಲಿಗೆ ಅಕ್ಕಿ ಸುರಿದ ಕೈ. ಸುಧಾ ಹೇಳಿಬಿಟ್ಟಳು. ಮಗಳು ತಾಯಿಗೆ ಹೇಳುವಂತೆ ಅಳುತ್ತ, ಪಂಪಿನ ಮನೆಯದು, ಆಣೆಯದು, ಹೋಗಬೇಕೆನಿಸುತ್ತದೆ ಎಂದದ್ದು ಎಲ್ಲ ಹೇಳಿದಳು.

ಸುವರ್ಣಮ್ಮ ಅಳಲಿಲ್ಲ. ಸೆರಗು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನಮ್ಮ ದೊಡ್ಡಾಕೀಗೆ ಹೊಟ್ಟಿನೋವಿತ್ತು," ಎಂದರು. ಆಮೇಲೆ ಎಲೆ ಎತ್ತಿದರು.

ಹಬ್ಬ ಕಳೆದು ಶಾಲೆ ತೆರೆದ ದಿನ ಶಾಂಭವಿ ಬಂದಳು. ಅವಳ ಕೆನ್ನೆಯ ಮೇಲೆ ಏನೂ ಇರಲಿಲ್ಲ, ಕಣ್ಣಲ್ಲೂ ಏನೂ ಇರಲಿಲ್ಲ ಎಂದು ಸುಧಾ ಹೇಳುತ್ತಿದ್ದಳು. ಸಮವಸ್ತ್ರದ ಜೇಬಿನಿಂದ ಹುಣಸೆಬೀಜಗಳನ್ನು ತೆಗೆದು ಮೇಜಿನ ಮೇಲಿಟ್ಟು, ನಿಂತೇ ಹೇಳಿದಳಂತೆ:

"ನಾ ನಿಮಗ ಅಕ್ಕ ಅಂದಿದ್ದೆ. ನೀವು ನಮ್ಮವ್ವಗ ಮಗಳಾದ್ರಿ."

ಅದೇ ಕಡೆ. ಆ ವಾರದಲ್ಲಿ ಅವಳನ್ನು ಶಾಲೆ ಬಿಡಿಸಿ ಕಂಪ್ಲಿಗೆ, ಅಕ್ಕಿ ಗಿರಣಿ ಇಟ್ಟ ಸೋದರಮಾವನ ಮನೆಗೆ ಕಳಿಸಿದರು. ಅಲ್ಲಿ ಶಾಲೆಗೆ ಹಾಕಲಿಲ್ಲ. ಶಂಭುಲಿಂಗ ನಾಲ್ಕು ಜನ ಹಿರಿಯರನ್ನು ಕಟ್ಟಿಕೊಂಡು ಹೆಡ್‌ಮಾಸ್ಟರ ಹತ್ತಿರ ಬಂದರು. ಸತ್ತ ಮಗಳ ಮೇಲೆ ಇಲ್ಲದ ಮಾತು ಹುಟ್ಟಿಸಿದ್ದಾಳೆ, ಬದುಕಿದ ಮಗಳ ತಲೆ ಕೆಡಿಸಿದ್ದಾಳೆ ಎಂದರು. ಹೆಂಗಸರು ಕನಿಕರಕ್ಕೆ ಒಳಗೆ ಕರೆದರೆ ಇಂಥವರು ಹೀಗೇ ಮಾಡುವುದು ಎಂದು ಜೊತೆಗೆ ಬಂದವರೊಬ್ಬರು ಸುಧಾಳ ಜಾತಿ ಎತ್ತಿ ಆಡಿದರು. ಆ ಮನೆಯ ಮಣೆಯ ಮೇಲೆ ಅವಳು ಕೂತದ್ದೇ ಈಗ ಅವಳ ತಪ್ಪಾಯಿತು. ಹೆಡ್‌ಮಾಸ್ಟರು ಸಂಸ್ಥೆಗೆ ಫೋನು ಮಾಡಿದರು.

ಆಗ ಬಂದರು ವಿಜಯಕುಮಾರ್. ಗುರುವಾರವೂ ಸಿಗದವರು ಸೋಮವಾರ ಬೆಳಿಗ್ಗೆ ಓಣಿಯ ತುದಿಗೆ ಕಾರು ನಿಲ್ಲಿಸಿ, ಚರಂಡಿ ದಾಟಿ, ತಾಯಕ್ಕನ ಕಟ್ಟೆಯ ಮೇಲೆ ಕರವಸ್ತ್ರ ಹಾಸಿ ಕೂತರು. ಸುಧಾ ಎದುರಿಗೆ ನಿಂತಿದ್ದಳು. ಅವರು ಮೆಲ್ಲಗೆ, ಬೇಸರದಿಂದಲೇ ಮಾತಾಡಿದರು. ಮಗುವಿನ ಗುಟ್ಟು ಬಿಟ್ಟುಕೊಟ್ಟದ್ದು ದೊಡ್ಡ ತಪ್ಪು, ಮೇಲಿನವರನ್ನು ಕೇಳದೆ ಮಾಡಿದ್ದು ಅದಕ್ಕಿಂತ ದೊಡ್ಡದು. ಮಗುವಿನ ಮನೆಯಲ್ಲಿ ಉಡುಗೊರೆ ತೆಗೆದುಕೊಂಡದ್ದಂತೂ ಈ ಕೆಲಸದ ಮೊದಲ ಪಾಠವನ್ನೇ ಮರೆತಂತೆ. ಈ ವರ್ಷ ಸಹಿ ಹಾಕಲು ಬರುವುದಿಲ್ಲ, ಮುಂದೆ ನೋಡೋಣ ಎಂದರು.

"ಸರ್, ಉಡಿ ಫೋಟೊ ನಾನ ಹಾಕಿದ್ನಲ್ರಿ. ನೀವು ಎಲ್ಲಾರಿಗೂ ನನ್ನ ನೋಡಿ ಕಲೀರಿ ಅಂದ್ರಿ."

"ಅದು ಎನ್ಕರೇಜ್‌ಮೆಂಟ್ ಅಮ್ಮ. ಸೂಪರ್ವಿಜನ್ ಬ್ಯಾರೆ, ಎನ್ಕರೇಜ್‌ಮೆಂಟ್ ಬ್ಯಾರೆ."

"ಸೂಪರ್ವಿಜನ್ ಯಾವಾಗಿತ್ರಿ ಸರ್?"

ತಾಯಕ್ಕ ಚಹಾ ತಂದಿಟ್ಟಿದ್ದಳು. ಅವರು ಕುಡಿದರು. ಕುಡಿದು, ಚಹಾ ಮಸ್ತ್ ಐತ್ರೀ ಅಮ್ಮ ಎಂದರು. ಸುಧಾಳ ಕೊರಳಲ್ಲಿದ್ದ ಸಂಸ್ಥೆಯ ಗುರುತಿನ ಕಾರ್ಡು ತೆಗೆಸಿಕೊಂಡು ಹೋದರು. ಆ ಲೋಟವನ್ನು ತಾಯಕ್ಕ ಬಹಳ ಹೊತ್ತು ಹಾಗೇ ಬಿಟ್ಟಿದ್ದಳು. ಇರುವೆ ಬಂದ ಮೇಲೆ ತೊಳೆದಳು.

ಸುಧಾ ಊರಿಗೆ ಹೋಗಲಿಲ್ಲ. ಅಪ್ಪನಿಗೆ ಏನು ಹೇಳುವುದು? ಪಂಪೇಶ್ ಕೇಳುವುದು ಒಂದೇ ಪ್ರಶ್ನೆ: ಆ ಮಣೆಯ ಮೇಲೆ ಯಾಕೆ ಕೂತೆ. ಅದಕ್ಕೆ ಅವಳಲ್ಲಿದ್ದ ಉತ್ತರ ಅಪ್ಪನಿಗೆ ಹೇಳುವಂಥದ್ದಾಗಿರಲಿಲ್ಲ. ಪರಿಚಯದವರೊಬ್ಬರು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಒಬ್ಬ ಕಂಟ್ರಾಕ್ಟರನ ಹತ್ತಿರ ಕೆಲಸ ಕೊಡಿಸಿದರು. ಶಿಫ್ಟಿಗೆ ಬರುವ ಆಳುಗಳ ಹೆಸರು ಗುರುತು ಮಾಡಿಕೊಂಡು ಒಳಗೆ ಬಿಡುವುದು. ಬೆಳಕು ಹರಿಯುವ ಮೊದಲು ಕಂಪನಿ ಬಸ್ಸು, ಸಂಜೆ ಕೆಂಪು ದೂಳು ಹೊತ್ತು ವಾಪಸ್. ಗೇಟಿನಲ್ಲಿ ಯಾವುದೋ ಹುಡುಗ ಕಣ್ಣು ಕೆಂಪು ಮಾಡಿಕೊಂಡು ಬಂದರೂ ಏನಾಯಿತು ಎಂದು ಕೇಳುವುದಿಲ್ಲ ಎಂದಳೊಮ್ಮೆ. ಕೇಳಲು ಬರುತ್ತಿದ್ದದ್ದೇ ತಪ್ಪಾಯಿತು, ಈಗ ಕೇಳದೇ ಇರುವುದಕ್ಕೆ ಪಗಾರ ಕೊಡುತ್ತಾರೆ ಎಂದು ನಕ್ಕಳು. ಬಕೆಟ್ಟು ಎತ್ತಿ ತೋರಿಸಿದ ದಿನದ ನಗುವಾಗಿರಲಿಲ್ಲ ಅದು.

ಸಂಕ್ರಾಂತಿ ಕಳೆದ ಮೇಲೆ ಒಂದು ರಜೆಯ ದಿನ ಅವಳು ಕಂಪ್ಲಿಗೆ ಹೋಗಿ ಬಂದಳು. ಹೋಗುವಾಗ ಹೇಳಲಿಲ್ಲ, ಬಂದ ಮೇಲೆ ಹೇಳಿದಳು. ಗಿರಣಿಯ ಎದುರಿನ ಚಹಾ ಅಂಗಡಿಯಲ್ಲಿ ಕೂತಿದ್ದಳಂತೆ. ಗದ್ದಲ, ತೌಡಿನ ವಾಸನೆ, ಲಾರಿಗಳು. ಮಧ್ಯಾಹ್ನದ ಮೇಲೆ ಶಾಂಭವಿ ಹೊರಗೆ ಬಂದಳು. ಒಬ್ಬಳೇ ಅಲ್ಲ, ಅತ್ತೆ ಕೈ ಹಿಡಿದುಕೊಂಡಿದ್ದಳು, ಚಿಕ್ಕ ಮಕ್ಕಳ ಕೈ ಹಿಡಿದಂತೆ. ಹುಡುಗಿ ಬಹಳ ಸಣ್ಣಗಾಗಿದ್ದಳು. ಅವಳು ಸುಧಾಳನ್ನು ನೋಡಿದಳು. ಗುರುತು ಸಿಕ್ಕಿತು, ಅದು ಖಂಡಿತ. ಮುಖ ತಿರುಗಿಸಲಿಲ್ಲ, ನಿಲ್ಲಲೂ ಇಲ್ಲ. ಗೋಡೆಯನ್ನೋ ಲಾರಿಯನ್ನೋ ನೋಡಿದಷ್ಟೇ ನೋಡಿ ಹೋದಳು.

"ಬದುಕ್ಯಾಳಲ್ಲವ್ವ," ಎಂದಳು ತಾಯಕ್ಕ.

"ಇವತ್ತು ಬದುಕ್ಯಾಳ್ರಿ," ಎಂದಳು ಸುಧಾ.

ಯುಗಾದಿಗೆ ಮುಂಚೆ ಸುಧಾ ಕೋಣೆ ಖಾಲಿ ಮಾಡಿದಳು. ಬಸ್ಸಿನ ಓಡಾಟ ಆಗದೆ, ತೋರಣಗಲ್ಲಿನಲ್ಲೇ ಇತರ ಹುಡುಗಿಯರ ಜೊತೆ ಇರುವುದೆಂದಾಗಿತ್ತು. ಸಾಮಾನೆಲ್ಲ ಮತ್ತೆ ಅದೇ ಬಕೆಟ್ಟಿನಲ್ಲಿ ಹಿಡಿಯಿತು. ತಾಯಕ್ಕ ದಾರಿಗೆ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿದಳು. ಕೋಣೆ ನೋಡಲು ಸಂಸ್ಥೆಯಿಂದ ಮುಂದಿನ ವರ್ಷದ ಹುಡುಗಿಯೊಬ್ಬಳು ಬರುತ್ತಾಳಂತೆ ಎಂದು ಹಂಪಯ್ಯ ಹೇಳಿದ್ದ. ತಾಯಕ್ಕ ಅದನ್ನು ಇವಳಿಗೆ ಹೇಳಲಿಲ್ಲ.

ಹೊಸ್ತಿಲ ತನಕ ಹೋದವಳು ತಿರುಗಿ ಬಂದು, ಬಕೆಟ್ಟು ಕೆಳಗಿಟ್ಟು, ಬ್ಯಾಗಿನ ತಳದಿಂದ ಆ ಖಣ ತೆಗೆದಳು. ಹೊಲಿಸಿರಲಿಲ್ಲ. ಹಸಿರು ಹಾಗೇ ಇತ್ತು, ಮಡಿಕೆಯ ಗೆರೆಯೂ ಹಾಗೇ ಇತ್ತು. ಉಡಿಯಲ್ಲಿ ಬಂದದ್ದನ್ನು ತಿರುಗಿ ಕೊಟ್ಟವರನ್ನು ತಾಯಕ್ಕ ತನ್ನ ಇಷ್ಟು ವಯಸ್ಸಿನಲ್ಲಿ ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ. ಅದರ ಅಕ್ಕಿ ಇಬ್ಬರ ಹೊಟ್ಟೆಗೂ ಸೇರಿ ಎಷ್ಟೋ ತಿಂಗಳಾಗಿತ್ತು.

ಸುಧಾ ಖಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಎಂದೋ ಅನುಸೂಯಾ ಮೇಡಂ ಎದುರು ಕೂತಾಗಿನಂತೆ, ಉತ್ತರ ಬರುವವರೆಗೆ ಕಾಯುವವಳ ಮುಖ ಮಾಡಿಕೊಂಡು ಕೇಳಿದಳು:

"ಅಮ್ಮಾ, ಇದನ್ನ ನಾ ಸುವರ್ಣಮ್ಮಗ ವಾಪಸ್ ಕೊಟ್ಟು ಬಂದ್ರ, ನಾ ಆ ಮನಿ ಮಗಳಲ್ಲ ಅಂತ ಶಾಂಭವಿ ನಂಬ್ತಾಳೇನ್ರಿ?"